ಎಲೆಗೆ ಮೊದಲು ಹೂ

ನಮ್ಮ ಸೀಮೆಯ ಬೇಸಗೆಯನ್ನು ಹೊಗಳಿದವರನ್ನು ನಾನು ಈವರೆಗೆ ಕಂಡಿಲ್ಲ. ಒಂದು ಮಗ್ಗುಲಿಗೆ ಕೃಷ್ಣೆ, ಇನ್ನೊಂದು ಮಗ್ಗುಲಿಗೆ ತುಂಗಭದ್ರೆ. ನಡುವೆ ಹಾಸಿಕೊಂಡಿರುವ ಈ ನೆಲವನ್ನು ಹಿಂದಿನವರು ಎಡೆದೊರೆನಾಡು ಎಂಬ ಚಂದದ ಹೆಸರಿನಿಂದ ಕರೆದರು. ಎರಡು ಹೊಳೆಗಳ ಆಶ್ರಯವಿದ್ದೂ ಬಾಯಾರಿದ ನಾಡು ಇದು. ಮಾರ್ಚ್ ತಿಂಗಳು ಕಾಲಿಟ್ಟಿತೆಂದರೆ ಹೊಲಗಳು ಬರಿದಾಗುತ್ತವೆ, ಎರೆಭೂಮಿ ಬಾಯ್ಬಿಡುತ್ತದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣಮಾಪಕದ ಪಾದರಸವು 40 ಡಿಗ್ರಿಯನ್ನು ದಾಟಿ ನಿಲ್ಲುವುದು ವಾಡಿಕೆ. ಅಂತಹ ಕಾಲದಲ್ಲಿ ಹೂವಿನ ಚಿತ್ರ ತೆಗೆಯಲೆಂದು ಕಲ್ಲುಗುಡ್ಡವನ್ನು ಹತ್ತುತ್ತೇನೆ ಎಂದರೆ ಕೇಳಿದವರು ನಗುವುದು ಸಹಜ. ನನ್ನನ್ನು ಕುರಿತೂ ನಕ್ಕರು. ನಕ್ಕವರದು ತಪ್ಪೆಂದು ನಾನು ಹೇಳಲಾರೆ. ಮೊದಲ ಸಲ ನಾನು ಗುಡ್ಡ ಹತ್ತಿದ ರೀತಿ ನಗೆಗೀಡಾಗುವಂತೆಯೇ ಇತ್ತು. ಅದು ಅಳುವಿನಲ್ಲಿ ಮುಗಿಯುವುದು ಸ್ವಲ್ಪದರಲ್ಲಿ ತಪ್ಪಿತು.

1984ರಲ್ಲಿ ನಾನು ಚಂದ್ರಬಂಡದ ಕಡೆಯ ಒಂದು ಶಾಲೆಯಲ್ಲಿ ಕನ್ನಡದ ಅಧ್ಯಾಪಕನಾಗಿದ್ದೆ. ಆಗ ನನಗೆ ಇಪ್ಪತ್ತಾರು ವರ್ಷ. ಚಂದ್ರಬಂಡ ರಾಯಚೂರು ತಾಲ್ಲೂಕಿನ ಊರು. ತೆಲುಗು ನಾಡಿನ ಗಡಿ ಅಲ್ಲಿಂದ ದೂರವಿಲ್ಲ. ಮನೆಯಲ್ಲಿ ಒಂದು ಭಾಷೆ, ಸಂತೆಯಲ್ಲಿ ಇನ್ನೊಂದು ಭಾಷೆ ಆಡುವವರು ಅಲ್ಲಿ ಬಹಳ. ಊರಿನ ಹೆಸರಿನೊಳಗೆ ಕುಳಿತಿರುವ 'ಬಂಡ' ಎಂಬ ಮಾತನ್ನು ಕೇಳಿದಾಗಲೆಲ್ಲ ನನಗೆ ಕನ್ನಡದ ಬಂಡೆಯೂ ತೆಲುಗಿನ ಬಂಡವೂ ಒಟ್ಟಿಗೆ ನೆನಪಾಗುತ್ತಿದ್ದವು. ಭಾಷೆ ಯಾವುದಾದರೇನು, ಕಲ್ಲು ಒಂದೇ. ಆ ಕಲ್ಲಾದರೂ ಎಂತಹುದು! ಭೂವಿಜ್ಞಾನಿಗಳ ಲೆಕ್ಕದಂತೆ ಈ ಭಾಗದ ಬೆಣಚುಕಲ್ಲಿಗೆ ಸುಮಾರು 250 ಕೋಟಿ ವರ್ಷಗಳ ವಯಸ್ಸು. ಹಿಮಾಲಯ ಪರ್ವತವು ಇದರ ಮುಂದೆ ನಿನ್ನೆ ಮೊನ್ನೆ ಹುಟ್ಟಿದ ಕೂಸು. ಅಷ್ಟು ಕಾಲದ ಮಳೆಗಾಳಿಗಳಿಗೆ ಸವೆದು, ಒಡೆದು, ಯಾರೋ ಪೇರಿಸಿಟ್ಟು ಮರೆತುಹೋದಂತೆ ತೋರುವ ಗುಂಡುಗಳ ಗುಡ್ಡಗಳು ಬಯಲಿನ ನಡುವೆ ಅಲ್ಲಲ್ಲಿ ಎದ್ದುನಿಂತಿವೆ. ಶಾಲೆಯ ಕಿಟಕಿಯಿಂದ ನನಗೆ ಅಂತಹುದೊಂದು ಗುಡ್ಡ ಕಾಣುತ್ತಿತ್ತು. ಅದರ ನೆತ್ತಿಯುದ್ದಕ್ಕೂ ಎತ್ತಿನ ಬೆನ್ನೆಲುಬಿನಂತೆ ಒಂದು ಏಣು ಹಾಯ್ದಿತ್ತು. ಮಾರ್ಚ್ ತಿಂಗಳಲ್ಲಿ ಆ ಏಣಿನ ಮೇಲೆ ಒಂದು ಹಳದಿಯ ಚುಕ್ಕೆ ಮೂಡುತ್ತಿತ್ತು. ದಿನವೂ ಅದು ಏನಿರಬಹುದೆಂದು ನೋಡುತ್ತಿದ್ದೆ.

ನೋಡುವುದನ್ನು ಬಿಟ್ಟು ಹತ್ತುವ ಮನಸ್ಸು ಮಾಡಿದ್ದಕ್ಕೆ ಒಂದು ಪುಸ್ತಕ ಕಾರಣ. ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ಆಗ ನನ್ನ ಕೈಗೆ ಬಂದಿತ್ತು. 1978ರ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದ ಕೃತಿಯದು. ಸಸ್ಯಶಾಸ್ತ್ರದ ಪ್ರಾಧ್ಯಾಪಕರೊಬ್ಬರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡುಮೇಡು ಅಲೆದ ಪ್ರಸಂಗಗಳನ್ನು ಓದುತ್ತ ಓದುತ್ತ, ಗುರುವೆಂದರೆ ಹೀಗಿರಬೇಕು ಎಂಬ ಹುರುಪು ನನ್ನಲ್ಲಿಯೂ ಹುಟ್ಟಿತು. ಅವರಿಗೆ ಗಿಡಗಳ ಬಗೆಗೆ ಇದ್ದ ಅರಿವು, ದಾರಿಯ ಬಗೆಗೆ ಇದ್ದ ಎಚ್ಚರ ಇವು ನನ್ನಲ್ಲಿ ಇರಲಿಲ್ಲ. ಹುರುಪು ಮಾತ್ರ ಇತ್ತು.

ರಾಯಚೂರಿನ ಪರಿಚಯದ ಛಾಯಾಚಿತ್ರಗಾರರೊಬ್ಬರು ತಮ್ಮ ಹಳೆಯ ಆಗ್ಫಾ ಕ್ಲಿಕ್ ಕ್ಯಾಮೆರಾವನ್ನು ಎರಡು ದಿನದ ಮಟ್ಟಿಗೆ ಕೊಟ್ಟರು. ಆ ಕಾಲದಲ್ಲಿ ಮಧ್ಯಮ ವರ್ಗದ ಮನೆಗಳಲ್ಲಿ ಹೆಚ್ಚಾಗಿ ಕಾಣುತ್ತಿದ್ದುದು ಆ ಕರಿಯ ಪೆಟ್ಟಿಗೆಯೇ. ಅದರೊಳಗೆ ಹಾಕುವ ಒಂದು ಸುರುಳಿಯಲ್ಲಿ 12 ಚಿತ್ರಗಳು, ಅಷ್ಟೆ. ಈಗಿನಂತೆ ನೂರು ತೆಗೆದು ತೊಂಬತ್ತನ್ನು ಅಳಿಸುವ ಸೌಕರ್ಯವಿರಲಿಲ್ಲ. ತೀರ ಹತ್ತಿರದ ವಸ್ತು ಅದರಲ್ಲಿ ಮಬ್ಬಾಗಿ ಮೂಡುತ್ತಿತ್ತು. ಕೆಲವು ಮಾರು ದೂರ ನಿಂತೇ ತೆಗೆಯಬೇಕು. ಫಿಲ್ಮು ಕಪ್ಪು ಬಿಳುಪಿನದು. ಹಳದಿ ಹೂವನ್ನು ತೆಗೆಯುವ ಆಸೆಯೆಂದಾಗ ಅವರು ನಕ್ಕು ಒಂದು ಮಾತು ಹೇಳಿದರು. ಕಪ್ಪು ಬಿಳುಪಿನ ಫಿಲ್ಮಿಗೆ ಬಣ್ಣ ತಿಳಿಯದು, ಬೆಳಕಿನ ಹೆಚ್ಚು ಕಡಿಮೆ ಮಾತ್ರ ತಿಳಿಯುವುದು. ಹಳದಿಯ ಹೂವೂ ನೀಲಿಯ ಆಕಾಶವೂ ಒಂದೇ ಬಗೆಯ ತೆಳುಬೂದಿಯಾಗಿ ಬಿದ್ದು ಹೂವು ಆಕಾಶದಲ್ಲಿ ಕರಗಿಹೋಗುತ್ತದೆ. ಆದುದರಿಂದ ಮಸೂರದ ಮುಂದೆ ಹಳದಿ ಗಾಜನ್ನು ಹಿಡಿಯಬೇಕು. ಅದು ನೀಲಿಯ ಬೆಳಕನ್ನು ತಡೆದು ಆಕಾಶವನ್ನು ಕಪ್ಪಾಗಿಸುತ್ತದೆ, ಹೂವು ಬೆಳಗುತ್ತದೆ. ಗಾಜು ಅವರಲ್ಲಿರಲಿಲ್ಲ. ಹಳದಿಯ ಜಿಲೆಟಿನ್ ಕಾಗದದ ಒಂದು ತುಂಡನ್ನು ಕತ್ತರಿಸಿ ಕೊಟ್ಟರು. ನಮ್ಮ ನೆರೆಯ ಸಂಡೂರಿನ ಎಂ.ವೈ. ಘೋರ್ಪಡೆಯವರು ಕಪ್ಪು ಬಿಳುಪಿನಲ್ಲಿಯೇ ವನ್ಯಮೃಗಗಳ ಚಿತ್ರ ತೆಗೆದು ಹೆಸರಾದವರು. ಬಣ್ಣವಿಲ್ಲದೆಯೂ ಕಾಡಿನ ಬೆಳಕು ನೆರಳುಗಳನ್ನು ಅವರು ಹಿಡಿಯಬಲ್ಲವರಾದರೆ, ನಾನು ಒಂದು ಹೂವನ್ನಾದರೂ ಹಿಡಿಯಬಾರದೇಕೆ ಎಂದುಕೊಂಡೆ.

ಹೊರಟದ್ದು ಮಾರ್ಚ್ 25ರ ಭಾನುವಾರ. ಜೊತೆಗೆ ಒಂಬತ್ತನೆಯ ತರಗತಿಯ ಮೂವರು ಹುಡುಗರು. ಬಗಲಿಗೆ ಒಂದು ಚೀಲ. ಅದರಲ್ಲಿ ಕ್ಯಾಮೆರಾ, ಒಂದು ನೋಟುಪುಸ್ತಕ, ಖಡಕ್ ರೊಟ್ಟಿ, ಶೇಂಗಾದ ಹಿಂಡಿ, ಉಳ್ಳಾಗಡ್ಡಿ. ನೀರು? ನಾಲ್ವರಿಗೂ ಸೇರಿ ಒಂದೇ ಸೀಸೆ. ಗುಡ್ಡ ಕಣ್ಣಿಗೆ ಹತ್ತಿರವಿತ್ತು. ಹತ್ತಿ ಇಳಿಯಲು ಎರಡು ಗಂಟೆ ಸಾಕೆಂದು ನಾನೇ ಹೇಳಿದ್ದೆ. ಹುಡುಗರು ತಲೆಗೆ ಏನನ್ನೂ ಕಟ್ಟಿಕೊಂಡಿರಲಿಲ್ಲ. ನಾನೂ ಹೇಳಲಿಲ್ಲ. ಊರು ಬಿಡುವಾಗಲೇ ಎಂಟು ಗಂಟೆ ದಾಟಿತ್ತು.

ಗುಡ್ಡದ ಬುಡದಲ್ಲಿಯೇ ಮುತ್ತುಗದ ಗಿಡಗಳು ಸಿಕ್ಕವು. ಒಂದೆಲೆಯೂ ಇಲ್ಲದ ಸೊಟ್ಟ ಕೊಂಬೆಗಳ ತುಂಬ ಕೆಂಡದ ಬಣ್ಣದ ಹೂಗಳು. ಗಿಳಿಯ ಕೊಕ್ಕಿನಂತೆ ಬಾಗಿದ ಆ ಹೂವನ್ನು ನೀವೂ ನೋಡಿರುತ್ತೀರಿ. ಅದನ್ನು ಕುದಿಸಿ ಓಕುಳಿಯ ಬಣ್ಣ ಮಾಡುವುದುಂಟು. ಊಟದ ಪತ್ರಾವಳಿಗೆ ಎಲೆಯನ್ನು ಕೊಡುವ ಮರವೂ ಇದೇ. ಮೂಸಿ ನೋಡಿದರೆ ಪರಿಮಳವಿಲ್ಲ. ಪರಿಮಳದ ಹಂಗೇ ಅದಕ್ಕೆ ಬೇಡ. ಹಕ್ಕಿಗಳನ್ನು ಕರೆಯುವ ಹೂವದು; ಹಕ್ಕಿಗಳು ವಾಸನೆಗಿಂತ ಬಣ್ಣವನ್ನು ನಂಬಿ ಬರುತ್ತವೆ. ಮೈನಾ, ಕಾಗೆ ಎಲ್ಲವೂ ಮಕರಂದಕ್ಕೆ ಬಂದು ಗದ್ದಲ ಮಾಡುತ್ತವೆಯಾದರೂ ನಿಜವಾದ ಪರಾಗಸ್ಪರ್ಶದ ಕೆಲಸವನ್ನು ಮಾಡುವುದು ಹೆಬ್ಬೆರಳಿನಷ್ಟು ಗಾತ್ರದ ಸೂರಕ್ಕಿ ಮತ್ತು ಬೆನ್ನಿನ ಮೇಲೆ ಮೂರು ಪಟ್ಟೆಗಳಿರುವ ಅಳಿಲು ಎಂದು ಸಸ್ಯವಿಜ್ಞಾನಿಗಳು ನೋಡಿ ಹೇಳಿದ್ದಾರೆ. ಆ ಸಂಗತಿ ಆಗ ನನಗೆ ತಿಳಿದಿರಲಿಲ್ಲ. ಸೂರಕ್ಕಿಯೊಂದು ಹೂವಿನ ಕೊಕ್ಕಿನೊಳಗೆ ತನ್ನ ಕೊಕ್ಕನ್ನು ತೂರಿಸಿದುದನ್ನು ಕಂಡು ಹುಡುಗರು ಕೂಗಿಕೊಂಡರು. ನಾನು ಒಂದರ ಮೇಲೊಂದರಂತೆ ಏಳು ಚಿತ್ರಗಳನ್ನು ತೆಗೆದುಬಿಟ್ಟೆ. ಹಕ್ಕಿ ಒಂದರಲ್ಲಿಯೂ ಬೀಳಲಿಲ್ಲ ಎಂಬುದು ಆಮೇಲೆ ಗೊತ್ತಾಯಿತು.

ಹೂವನ್ನು ಕಿತ್ತು ತರುವ ಬದಲು ಅದರ ರೂಪವನ್ನು ತರುವ ಆಸೆ ಮನುಷ್ಯನಿಗೆ ಹೊಸದಲ್ಲ. ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ ವಿಲಿಯಂ ರಾಕ್ಸ್‌ಬರ್ಗ್ ಎಂಬ ವೈದ್ಯನು ತೆಲುಗು ನಾಡಿನ ಕರಾವಳಿಯಲ್ಲಿದ್ದುಕೊಂಡು ಈ ನೆಲದ ಗಿಡಮರಗಳನ್ನು ಇಲ್ಲಿಯ ಚಿತ್ರಗಾರರಿಂದಲೇ ಬರೆಯಿಸಿದನು. ಕೋರಮಂಡಲ ತೀರದ ಸಸ್ಯಗಳನ್ನು ಕುರಿತ ಅವನ ಗ್ರಂಥದ ಮೊದಲ ಸಂಪುಟ 1795ರಲ್ಲಿ ಲಂಡನ್ನಿನಲ್ಲಿ ಹೊರಬಂದಿತು. ಅದರಲ್ಲಿ ನಮ್ಮ ಮುತ್ತುಗದ ಚಿತ್ರವೂ ಇದೆ. ವೈದ್ಯನ ಹೆಸರು ಉಳಿಯಿತು. ಕುಂಚ ಹಿಡಿದವರ ಹೆಸರು ಪುಸ್ತಕದ ಮುಖಪತ್ರಕ್ಕೆ ಏರಲಿಲ್ಲ. ಛಾಯಾಚಿತ್ರ ಕಲೆ ಹುಟ್ಟಿದೊಡನೆ ಅದು ಮೊದಲು ಹಿಡಿದುದರಲ್ಲಿ ಸಸ್ಯಗಳೂ ಇದ್ದವು. 1843ರಲ್ಲಿ ಇಂಗ್ಲೆಂಡಿನ ಅನ್ನಾ ಅಟ್ಕಿನ್ಸ್ ಎಂಬಾಕೆ ಸಮುದ್ರದ ಪಾಚಿಗಳನ್ನು ಮದ್ದು ಸವರಿದ ಕಾಗದದ ಮೇಲಿಟ್ಟು ಬಿಸಿಲಿಗೆ ಹಿಡಿದು, ನೀಲಿಯ ನೆಲದ ಮೇಲೆ ಬಿಳಿಯ ರೂಪುಗಳನ್ನು ಮೂಡಿಸಿ ಪುಸ್ತಕ ಮಾಡತೊಡಗಿದಳು. ಕ್ಯಾಮೆರಾ ಕೂಡ ಇಲ್ಲ; ಬಿಸಿಲೊಂದೇ ಸಾಧನ. ಬಿಸಿಲು ಬೇಕಾದಷ್ಟಿರುವ ನಮ್ಮ ಸೀಮೆಯಲ್ಲಿ ಈ ಕಲೆಗೆ ಬಡತನವಿರಬಾರದಾಗಿತ್ತು!

ಅಲ್ಲಿಂದ ಮೇಲಕ್ಕೆ ದಾರಿಯೆಂಬುದಿಲ್ಲ. ಗುಂಡಿನಿಂದ ಗುಂಡಿಗೆ ಕೈಯೂರಿ ಹತ್ತಬೇಕು. ಹತ್ತು ಗಂಟೆಯ ಹೊತ್ತಿಗೆ ಕಲ್ಲು ಕಾದು ಅಂಗೈ ಇಡಲಾಗದಂತಾಯಿತು. ನಡುದಾರಿಯಲ್ಲಿ ಕುಳಿತು ರೊಟ್ಟಿ ತಿಂದೆವು. ಖಾರದ ಹಿಂಡಿ ತಿಂದ ಮೇಲೆ ಸೀಸೆಯ ನೀರು ಎಷ್ಟು ಹೊತ್ತು ಉಳಿದೀತು? ಬರಿದಾದ ಸೀಸೆಯನ್ನು ಚೀಲಕ್ಕೆ ಹಾಕಿ ಮತ್ತೆ ಹತ್ತಿದೆವು. ಏಣನ್ನು ಮುಟ್ಟಿದಾಗ ಹನ್ನೊಂದು ದಾಟಿತ್ತು.

ಹಳದಿಯ ಚುಕ್ಕೆ ಅಲ್ಲಿ ಮರವಾಗಿ ನಿಂತಿತ್ತು. ಎರಡು ಬಂಡೆಗಳ ಬಿರುಕಿನಲ್ಲಿ ಬೇರಿಳಿಸಿದ, ಎರಡಾಳೆತ್ತರದ ಮರ, ಒಂದೂ ಎಲೆಯಿಲ್ಲ, ಕೊಂಬೆಗಳ ತುದಿತುದಿಯಲ್ಲಿ ಅಂಗೈಯಗಲದ ಹೊನ್ನಿನ ಹೂಗಳು. ಐದು ಎಸಳು, ನಡುವೆ ಕೇಸರಗಳ ದಟ್ಟ ಕುಚ್ಚು. ಇದನ್ನು ಅರಿಸಿನ ಬೂರುಗವೆಂದೂ ಬೆಟ್ಟದಾವರೆಯೆಂದೂ ಕರೆಯುತ್ತಾರೆ, ತೆಲುಗಿನಲ್ಲಿ ಕೊಂಡಗೋಗು. ಇದರ ಕಾಯಿ ಒಡೆದಾಗ ಬೂರುಗದ ಹಾಗೆಯೇ ರೇಷ್ಮೆಯಂತಹ ಅರಳೆ ಹಾರುವುದರಿಂದ ನಮ್ಮವರು ಇದನ್ನು ಬೂರುಗದ ಕುಲಕ್ಕೆ ಸೇರಿಸಿದರು. ಸ್ವೀಡನ್ನಿನ ಮಹಾಸಸ್ಯಜ್ಞ ಲಿನ್ನೇಯಸ್ ಕೂಡ ಹೀಗೆಯೇ ಬೂರುಗದ ಜೊತೆಗಿಟ್ಟು ಹೆಸರು ಕೊಟ್ಟನು. ಈ ಮರ ಬೇರೆಯೇ ಕುಟುಂಬದ್ದೆಂದು ಆಮೇಲಿನವರು ತಿದ್ದಿದರು. ಅರಳೆಯನ್ನು ನಂಬಿ ಹಳ್ಳಿಗನೂ ಪಂಡಿತನೂ ಒಂದೇ ಕಡೆ ಎಡವಿದರೆಂಬುದು ನನಗೆ ಬಹಳ ಮೆಚ್ಚಿಗೆಯಾದ ಸಂಗತಿ.

ಸುಡುವ ಬೇಸಗೆಯಲ್ಲಿ, ನೀರಿಲ್ಲದ ಬಂಡೆಯ ಮೇಲೆ, ಎಲೆಯನ್ನೂ ಹೊರಲಾರದ ಮರ ಹೂವನ್ನು ಹೊರುವುದೇಕೆ? ಇದನ್ನು ಬಡತನದಲ್ಲಿ ಮಾಡುವ ದುಂದುವೆಚ್ಚವೆಂದು ತಿಳಿಯಬಾರದು. ಮರದ ಮೈಯಿಂದ ನೀರು ಆರಿಹೋಗುವುದು ಹೆಚ್ಚಾಗಿ ಎಲೆಗಳ ಮೂಲಕ. ಒಣಗಾಲ ಬಂದೊಡನೆ ಮರ ಎಲೆಗಳನ್ನು ಉದುರಿಸಿ ಆ ಬಾಗಿಲನ್ನು ಮುಚ್ಚುತ್ತದೆ. ಅರಿಸಿನ ಬೂರುಗದ ಕಾಂಡ ಮೆತು. ಅದರಲ್ಲಿ, ಬೇರಿನಲ್ಲಿ ಹಿಂದಿನ ಮಳೆಗಾಲದ ನೀರೂ ಆಹಾರವೂ ಉಳಿತಾಯವಾಗಿರುತ್ತವೆ. ಆ ಉಳಿತಾಯವನ್ನು ಹೂವಿಗೆ ವ್ಯಯಿಸುತ್ತದೆ. ಎಲೆಗಳ ಮರೆಯಿಲ್ಲದುದರಿಂದ ಹೂವು ದೂರದ ದುಂಬಿಗೂ ಕಾಣುತ್ತದೆ. ಕಾಯಿ ಬಲಿತು ಒಡೆಯುವ ಹೊತ್ತಿಗೆ ಅರಳೆಯನ್ನು ತಡೆಯುವ ಎಲೆಗಳಿಲ್ಲ, ಬೀಸುಗಾಳಿ ಇದೆ. ಬೀಜ ನೆಲಕ್ಕೆ ಬೀಳುವಾಗ ಮುಂಗಾರು ಬಾಗಿಲಲ್ಲಿ ನಿಂತಿರುತ್ತದೆ. ಇನ್ನೊಂದು ವಿಶೇಷ. ಈ ಹೂವಿನಲ್ಲಿ ಮಕರಂದವಿಲ್ಲ. ಪರಾಗವೇ ಬಂದವರಿಗೆ ಸಲ್ಲುವ ಕೂಲಿ. ಅದೂ ಸುಲಭವಾಗಿ ದಕ್ಕುವುದಿಲ್ಲ. ಪರಾಗಕೋಶದ ತುದಿಯಲ್ಲಿ ಸಣ್ಣ ರಂಧ್ರವಿರುತ್ತದೆ. ಮರ ಕೊರೆಯುವ ಕರಿಯ ದುಂಬಿ ಬಂದು, ಕೇಸರಗಳನ್ನು ಅಪ್ಪಿ ಹಿಡಿದು, ಮೈಯನ್ನು ಗುಂಯ್ಯೆಂದು ನಡುಗಿಸಿದಾಗ ಉಪ್ಪಿನ ಡಬ್ಬಿಯಿಂದ ಉಪ್ಪು ಉದುರಿದಂತೆ ಪರಾಗ ಉದುರುತ್ತದೆ.

ನನ್ನಲ್ಲಿ ಉಳಿದುದು ಒಂದೇ ಚಿತ್ರ. ನಡುವಿನಲ್ಲಿ ಬಂಡೆಗಳನ್ನೂ ಹುಡುಗರನ್ನೂ ತೆಗೆದು ನಾಲ್ಕು ಮುಗಿಸಿದ್ದೆ. ಆ ಹನ್ನೆರಡನೆಯದನ್ನು ಹಾಳುಮಾಡಬಾರದೆಂದು ಜಿಲೆಟಿನ್ ಕಾಗದವನ್ನು ಮಸೂರಕ್ಕೆ ಹಿಡಿದು, ದುಂಬಿ ಬಂದು ಕುಳಿತಾಗಲೇ ಗುಂಡಿ ಒತ್ತುತ್ತೇನೆಂದು ಕಾಯುತ್ತ ನಿಂತೆ. ಎಷ್ಟು ಹೊತ್ತು ನಿಂತೆನೋ ತಿಳಿಯದು. "ಸರ್, ಇವನು ಏನೇನೋ ಮಾತಾಡಾಕತ್ಯಾನ್ರಿ" ಎಂದು ಒಬ್ಬ ಹುಡುಗ ಕೂಗಿದಾಗ ತಿರುಗಿ ನೋಡಿದೆ.

ಮೂವರಲ್ಲಿ ಚಿಕ್ಕವನು ಬಂಡೆಗೆ ಒರಗಿ ಕುಳಿತಿದ್ದ. ಮುಖ ಕೆಂಪಾಗಿತ್ತು, ಮೈ ಬೆಂಕಿಯಂತೆ ಸುಡುತ್ತಿತ್ತು, ಬೆವರಿಲ್ಲ. ಹೆಸರು ಹಿಡಿದು ಕರೆದರೆ ಇನ್ನಾವುದಕ್ಕೋ ಉತ್ತರ ಹೇಳುತ್ತಿದ್ದ. ಬಿಸಿಲು ಬಡಿದಾಗ ಬೆವರು ನಿಂತು ಬುದ್ಧಿ ಮಂಕಾಗುವುದು ಪ್ರಾಣಾಪಾಯದ ಗುರುತು ಎಂದು ಈಗ ಬಲ್ಲೆ. ಅಂದು ಬಲ್ಲದಿದ್ದರೂ ಎದೆ ಝಲ್ಲೆಂದಿತು. ಸೀಸೆಯನ್ನು ಬಗ್ಗಿಸಿದೆ; ಹನಿಯೂ ಇಲ್ಲ. ಸುತ್ತ ನೆರಳೂ ಇಲ್ಲ. ಎಲೆಯಿಲ್ಲದ ಮರ ಯಾರಿಗೆ ನೆರಳು ಕೊಟ್ಟೀತು?

ನಮ್ಮ ಕೂಗಾಟ ಕೇಳಿ ಏಣಿನ ಆಚೆ ಬದಿಯಿಂದ ಒಬ್ಬ ಕುರಿಗಾಹಿ ಮುದುಕ ಬಂದ. ಹೆಗಲ ಮೇಲೆ ಕಂಬಳಿ, ಸೊಂಟದಲ್ಲಿ ಒಂದು ಸೋರೆಬುರುಡೆ. ಅವನು ಹುಡುಗನನ್ನು ನೋಡಿದ, ನನ್ನ ಕೈಯಲ್ಲಿದ್ದ ಪೆಟ್ಟಿಗೆಯನ್ನೂ ನೋಡಿದ.

"ಹೂವಾ ಎಲ್ಲಿಗಿ ಹೋಗ್ತದ ಮಾಸ್ತರೆ, ಬರೋ ವರ್ಷಾನೂ ಆಗ್ತದ. ಹುಡುಗನ್ನ ಮೊದಲ ನೆಳ್ಳಿಗಿ ಎತ್ರಿ."

ಎತ್ತಿಕೊಂಡು ಅವನ ಹಿಂದೆ ನಡೆದೆವು. ನೂರು ಹೆಜ್ಜೆಯಲ್ಲಿ, ನಾವು ಬಂದ ದಾರಿಯ ಮಗ್ಗುಲಲ್ಲಿಯೇ, ಎರಡು ದೊಡ್ಡ ಗುಂಡುಗಳ ಅಡಿಯಲ್ಲಿ ಒಂದು ದೊಣೆ ಇತ್ತು. ಮಳೆಗಾಲದ ನೀರು ಬಂಡೆಯ ಕುಳಿಯಲ್ಲಿ ನಿಂತು, ಬಿಸಿಲು ಬೀಳದ ಕಾರಣ ಆರದೆ ಉಳಿದಿತ್ತು. ಅದನ್ನು ದಾಟಿಯೇ ನಾವು ಮೇಲೆ ಹೋಗಿದ್ದೆವು. ಹೂವಿನ ಮೇಲೆ ಕಣ್ಣಿಟ್ಟವರಿಗೆ ಅದು ಕಾಣಲಿಲ್ಲ. ಮುದುಕ ಹುಡುಗನ ಅಂಗಿ ಬಿಚ್ಚಿದ. ತನ್ನ ರುಮಾಲನ್ನು ತೋಯಿಸಿ ತಲೆ, ಕತ್ತು, ಕಂಕುಳುಗಳಿಗೆ ಒತ್ತಿದ. ಮೈಮೇಲೆ ನೀರು ಚಿಮುಕಿಸುತ್ತ ಕಂಬಳಿಯಿಂದ ಗಾಳಿ ಹಾಕುವಂತೆ ನಮಗೆ ಹೇಳಿದ. ಹುಡುಗ ಕಣ್ಣು ತೆರೆದು, ಗುರುತು ಹಿಡಿದು ಮಾತಾಡಿದ ಮೇಲೆಯೇ ಬುರುಡೆಯ ಮಜ್ಜಿಗೆಯನ್ನು ಗುಟುಕು ಗುಟುಕಾಗಿ ಕುಡಿಸಿದ. ಹೊತ್ತು ಇಳಿಯುವವರೆಗೆ ನಮ್ಮನ್ನು ಅಲ್ಲಿಂದ ಏಳಗೊಡಲಿಲ್ಲ. ಮರದ ತೊಗಟೆಯಿಂದ ಅಂಟು ತೆಗೆದು ಮಾರುವವರಿದ್ದಾರೆಂದೂ, ಆ ದೊಣೆಯ ನೀರು ನವಿಲುಗಳಿಗೆ ಬೇಕೆಂದು ತಾನು ಕುರಿಗಳನ್ನು ಅಲ್ಲಿಗೆ ಬಿಡುವುದಿಲ್ಲವೆಂದೂ ಹೇಳಿದ. ಹನ್ನೆರಡನೆಯ ಚಿತ್ರವನ್ನು ನಾನು ಅಲ್ಲಿಯೇ ತೆಗೆದೆ. ಮುದುಕ, ಅವನ ತೊಡೆಯ ಮೇಲೆ ತಲೆಯಿಟ್ಟ ಹುಡುಗ, ಹಿಂದೆ ಕಪ್ಪಾದ ದೊಣೆ. ಆ ಚಿತ್ರ ಇಂದಿಗೂ ನನ್ನ ಬಳಿ ಇದೆ.

ಮರುದಿನ ಹುಡುಗನ ಮನೆಗೆ ಹೋದೆ. ಅವನ ತಾಯಿ ಬೈಯಲಿಲ್ಲ. ಚಾಪೆ ಹಾಸಿ, ನೀರು ಕೊಟ್ಟು, ಆಮೇಲೆ ಕೇಳಿದಳು: "ಹೂವಿನ ಸಲುವಾಗಿ ನನ್ನ ಮಗನ್ನ ಬಿಸಿಲಾಗ ಒಯ್ದಿದ್ರೇನ್ರಿ ಸರ?" ನಾನು ತಲೆ ತಗ್ಗಿಸಿ ಎದ್ದುಬಂದೆ. ಆ ವರ್ಷವೇ ನನಗೆ ದೇವದುರ್ಗದ ಕಡೆಗೆ ವರ್ಗವಾಯಿತು, ಅಲ್ಲಿಂದ ಮಾನ್ವಿಗೆ. ಮಕ್ಕಳನ್ನು ಕರೆದುಕೊಂಡು ಮತ್ತೆ ಯಾವ ಗುಡ್ಡವನ್ನೂ ಹತ್ತಲಿಲ್ಲ.

ನಲವತ್ತು ವರ್ಷಗಳ ಮೇಲೆ, 2024ರ ಮಾರ್ಚ್ ತಿಂಗಳಲ್ಲಿ, ಆ ಚಿಕ್ಕ ಹುಡುಗ ನಮ್ಮ ಮನೆಯ ಬಾಗಿಲಿಗೆ ಬಂದ. ತಲೆ ನರೆತಿತ್ತು. ಜೊತೆಯಲ್ಲಿ ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದ ಅವನ ಕಿರಿಯ ಮಗಳು. ತಂದೆ ಹೇಳುತ್ತಿದ್ದ ಹಳದಿ ಹೂವಿನ ಕಥೆಯನ್ನು ಕೇಳಿ ಕೇಳಿ, ಅದರ ಚಿತ್ರವನ್ನು ತಾನು ತೆಗೆಯಬೇಕೆಂದು ಹಟ ಹಿಡಿದಿದ್ದಳಂತೆ.

"ನೀವು ಬರಬೇಕ್ರಿ ಸರ್," ಎಂದ. "ಗುಡ್ಡ ಅರ್ಧ ಹೋಗ್ಯದ. ಉಳಿದದ್ದು ಎಷ್ಟು ದಿನಾನೋ."

ಈ ಸಲ ಸಿದ್ಧತೆಯೆಲ್ಲ ಅವನದೇ. ಮೂವರಿಗೆ ಒಂಬತ್ತು ಲೀಟರು ನೀರು, ಮೂರು ಬೆನ್ನುಚೀಲಗಳಲ್ಲಿ ಹಂಚಿ. ಉಪ್ಪು ಬೆರೆಸಿದ ಮಜ್ಜಿಗೆ. ಎಲ್ಲರ ತಲೆಗೂ ಬಿಳಿಯ ವಸ್ತ್ರ. ಮಾರ್ಚ್ 31ರಂದು ಬೆಳಗಿನ ಐದೂವರೆಗೆ ಊರು ಬಿಟ್ಟೆವು. ಎಲ್ಲಿಗೆ ಮುಟ್ಟಿರಲಿ, ಒಂಬತ್ತಕ್ಕೆ ಹಿಂದಿರುಗಬೇಕೆಂಬುದು ಕಟ್ಟುಪಾಡು. ಇನ್ನೊಂದು ಕಾರಣವೂ ಇತ್ತು. ಗುಡ್ಡದ ಆಚೆ ಬದಿಯಲ್ಲಿ ಹತ್ತೂವರೆಗೆ ಮದ್ದು ಸಿಡಿಸುತ್ತಾರೆಂದು ಕಾವಲುಗಾರ ಹೇಳಿದ್ದ.

ಕಂಡುದನ್ನು ಹೇಳುವುದು ಕಷ್ಟ. ಮುಂದಿನಿಂದ ಅದೇ ಗುಡ್ಡ. ಏಣನ್ನು ಹತ್ತಿ ನೋಡಿದರೆ ಹಿಂಬದಿಯೇ ಇಲ್ಲ. ಕಲ್ಲಿನ ಗಣಿಯು ಬೆಟ್ಟವನ್ನು ರೊಟ್ಟಿ ಮುರಿದಂತೆ ಮುರಿದಿತ್ತು. ಆಳದಲ್ಲಿ ಯಂತ್ರಗಳು, ಜಲ್ಲಿಯ ರಾಶಿಗಳು, ಬಿಳಿಯ ಧೂಳು. ಮುದುಕನ ದೊಣೆಯ ಮೇಲಿನ ಗುಂಡುಗಳೂ ಇರಲಿಲ್ಲ. ನನ್ನ ಮುಖವನ್ನು ನೋಡಿ ಶಿಷ್ಯ ಮೆಲ್ಲನೆ ಹೇಳಿದ: "ನಾನೂ ಇಲ್ಲಿ ಆರು ವರ್ಷ ಕಲ್ಲು ಒಡದೀನ್ರಿ ಸರ್. ದೊಡ್ಡ ಮಗಳ ಮದುವಿ ಅದರಾಗ ಆಯ್ತು. ನಮ್ಮ ಮನಿ ಬುನಾದಿನೂ ಇದೇ ಕಲ್ಲು."

ಅವನಿಗೆ ನಾನೇನು ಹೇಳಲಿ? ನಾನು ಪಾಠ ಹೇಳಿದ ಶಾಲೆಯ ಗೋಡೆಯೂ ಕಲ್ಲಿನದೇ. ನಮ್ಮವರು ಗುಡ್ಡದಿಂದ ಕಲ್ಲು ತರಲು ಇಂದು ತೊಡಗಿದವರಲ್ಲ. ರಾಯಚೂರಿನ ಕೋಟೆಯಲ್ಲಿ 1294ರ ಶಾಸನವಿರುವ ಒಂದು ಕಲ್ಲಿದೆ. ಅದರ ಉದ್ದ ಸುಮಾರು 41 ಅಡಿ. ಅಂತಹ ಕಲ್ಲನ್ನು ಬಂಡಿಯ ಮೇಲೆ ಹೇರಿ, ಉದ್ದನೆಯ ಸಾಲಿನಲ್ಲಿ ಪ್ರಾಣಿಗಳನ್ನು ಹೂಡಿ ಎಳೆತಂದ ಬಗೆಯನ್ನು ಅಲ್ಲಿಯೇ ಗೋಡೆಯ ಮೇಲೆ ಗೆರೆಗಳಲ್ಲಿ ಕೊರೆದಿದ್ದಾರೆ. ಒಂದು ಕಲ್ಲನ್ನು ತಂದುದೇ ನೆನಪಿಡಬೇಕಾದ ಸಾಹಸವಾಗಿತ್ತು ಅವರಿಗೆ. ಇಂದು ಅಷ್ಟು ಕಲ್ಲು ಒಂದು ಬೆಳಗಿನ ಕೆಲಸ; ಅದನ್ನು ಯಾರೂ ಗೋಡೆಯ ಮೇಲೆ ಬರೆಯುವುದಿಲ್ಲ. 250 ಕೋಟಿ ವರ್ಷಗಳ ವಸ್ತು ಒಡೆದು ಜಲ್ಲಿಯಾಗುತ್ತದೆ. ಕಲ್ಲು ಬೇಡವೆಂದು ನಾನು ಹೇಳಲಾರೆ. ಯಾವ ಗುಡ್ಡವನ್ನು ಮುಟ್ಟಬಹುದು, ಯಾವುದನ್ನು ಬಿಡಬೇಕು ಎಂದು ಹತ್ತಿ ನೋಡಿದವರನ್ನು ಕೇಳುವ ಪದ್ಧತಿ ಇದ್ದಿದ್ದರೆ ಆಗುತ್ತಿತ್ತು.

ಮರ ಇನ್ನೂ ಇತ್ತು. ಅದೇ ಮರವೋ ಅದರ ಮಗನೋ ತಿಳಿಯದು. ಕೊರಕಲಿನ ಅಂಚಿಗೆ ಕೆಂಪು ಬಳಿದ ಗಡಿಗಲ್ಲುಗಳಿದ್ದವು; ಅವುಗಳಿಂದ ಆಚೆ ಹತ್ತು ಮಾರಿನಲ್ಲಿ ಅದು ಹೂತು ನಿಂತಿತ್ತು. ಹುಡುಗಿ ಗಡಿಗಲ್ಲನ್ನು ದಾಟಲು ಕಾಲೆತ್ತಿದಳು.

"ಬ್ಯಾಡವ್ವಾ," ಎಂದೆ. "ಇಲ್ಲಿಂದಲೇ ತೆಗಿ."

"ದೂರ ಆಗ್ತದ ತಾತಾ. ಹೂ ಸಣ್ಣದು ಬರ್ತದ."

"ಸಣ್ಣದೇ ಬರಲಿ."

ಅವಳು ಮುಖ ಊದಿಸಿಕೊಂಡಳು. ಕೈಯಲ್ಲಿದ್ದುದು ತಂದೆಯ ಮೊಬೈಲು. ಆಕಾಶವನ್ನು ಹಿನ್ನೆಲೆಯಾಗಿ ಇಟ್ಟು ತೆಗೆದ ಚಿತ್ರಗಳಲ್ಲಿ ಹೂವು ಬರಿಯ ಬೆಳಕಿನ ಚೂರಾಗಿ ಬಿದ್ದಿತು. ಹಳೆಯ ಜಿಲೆಟಿನ್ ಕಾಗದದ ಪ್ರಸಂಗವನ್ನು ಹೇಳಿದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, ಬಂಡೆಯ ಬುಡಕ್ಕೆ ಇಳಿದು ಮಂಡಿಯೂರಿ ಕುಳಿತಳು. ಅಲ್ಲಿಂದ ಅತಿ ಕೆಳಗಿನ ಕೊಂಬೆಯ ಹಿಂದೆ ಆಕಾಶವಿರಲಿಲ್ಲ. ಇನ್ನೂ ಬಿಸಿಲು ಮುಟ್ಟದ ಬಂಡೆಯ ಕಪ್ಪು ನೆರಳಿತ್ತು. ನೆರಳಿನ ಮುಂದೆ ಎಳೆಬಿಸಿಲು ಬಿದ್ದ ಒಂದೇ ಹೂವು ದೀಪದಂತೆ ನಿಂತಿತು. ಹೀಗೆ ತೆಗೆಯಬೇಕೆಂದು ನಾನು ಹೇಳಿಕೊಟ್ಟಿರಲಿಲ್ಲ. ನನಗೂ ತಿಳಿದಿರಲಿಲ್ಲ.

ಎಂಟೂಮುಕ್ಕಾಲಿಗೆ ಇಳಿಯತೊಡಗಿದೆವು. ನಡುದಾರಿಯಲ್ಲಿ ಅವಳು ಮತ್ತೆ ಕುಳಿತಳು. ಬರಿಯ ಗರಸು ನೆಲದಿಂದ ಮೊಳಕಾಲೆತ್ತರದ ಒಂದು ಕಡ್ಡಿ ಎದ್ದಿತ್ತು, ಬುಡದಲ್ಲಿ ಎಲೆಯಿಲ್ಲ, ಕಡ್ಡಿಯ ಮೇಲ್ಭಾಗದಲ್ಲಿ ಮಾಸಲು ಬಣ್ಣದ ಚಿಕ್ಕ ಚಿಕ್ಕ ಮೊಗ್ಗುಗಳು, ಬಿರಿದ ಹೂ ಒಂದೆರಡೇ. ಕಾಡೀರುಳ್ಳಿ. ಇದರ ಗಡ್ಡೆ ವಿಷವೂ ಹೌದು, ಬಲ್ಲವರ ಕೈಯಲ್ಲಿ ಮದ್ದೂ ಹೌದು. ಮಳೆ ಬಿದ್ದ ಮೇಲೆ ಎಲೆ ಬರುತ್ತದೆ, ಆ ಹೊತ್ತಿಗೆ ಹೂವಿನ ಕೆಲಸ ಮುಗಿದಿರುತ್ತದೆ. ಮೇಲಿನ ಮರದ ಬದುಕನ್ನೇ ನೆಲದ ಮಟ್ಟದಲ್ಲಿ ಬದುಕುವ ಗಿಡ. 1984ರಲ್ಲಿ ಇಂತಹ ಎಷ್ಟು ಕಡ್ಡಿಗಳನ್ನು ತುಳಿದುಕೊಂಡು ಹೋಗಿದ್ದೆವೋ. ಹುಡುಗಿ ಅದರ ಚಿತ್ರವನ್ನೂ ತೆಗೆದಳು. ತಂದೆ ತನ್ನ ಬೆನ್ನುಚೀಲದ ನೀರನ್ನು ನನ್ನ ಕೈಗಿಟ್ಟು, "ಕುಡೀರಿ ಸರ್, ನಾ ನೋಡಾಕತ್ತೀನಿ, ನೀವು ಕುಡಿದಿಲ್ಲ" ಎಂದು ಗದರಿದ.

ಹತ್ತೂವರೆಗೆ ನಾವು ಊರ ಮುಂದಿನ ಬೇವಿನ ನೆರಳಿನಲ್ಲಿದ್ದೆವು. ಬೇವು ಹೂ ಬಿಟ್ಟಿತ್ತು. ಯುಗಾದಿಗೆ ಇನ್ನು ಒಂಬತ್ತು ದಿನ. ನೆಲ ಒಮ್ಮೆ ಅದುರಿತು. ಗುಡ್ಡದ ಹಿಂದಿನಿಂದ ಬಿಳಿಯ ಧೂಳು ಎದ್ದು, ಏಣಿನ ಮೇಲೆ ಹಾಯ್ದು, ಬಹಳ ಹೊತ್ತು ನಿಂತಿತು. ಮೂವರೂ ಅದು ಕರಗುವವರೆಗೆ ನೋಡಿದೆವು. ಹಳದಿಯ ಚುಕ್ಕೆ ಅಲ್ಲಿಯೇ ಇತ್ತು.

ಆ ಮೇ ತಿಂಗಳ ಕೊನೆಯಲ್ಲಿ ಬೀಸಿದ ಗಾಳಿಗೆ ಅರಳೆ ಹಾರಿ ಗುಡ್ಡದ ಈಚೆ ಬದಿಯ ಮುಳ್ಳುಕಂಟಿಗಳಿಗೆ ತೊಡರಿಕೊಂಡಿತ್ತಂತೆ. ತಂದೆ ಮಗಳು ಬೆಳಗಿನ ಜಾವ ಹೋಗಿ ಹನ್ನೊಂದು ಬೀಜಗಳನ್ನು ಆಯ್ದು ತಂದರು. ಸಿಪ್ಪೆ ಬಹಳ ಗಟ್ಟಿ. ಕಲ್ಲಿಗೆ ತುಸು ಉಜ್ಜಿ, ರಾತ್ರಿಯೆಲ್ಲ ನೆನೆಯಿಟ್ಟು, ಶಾಲೆಯ ಹಿತ್ತಿಲಲ್ಲಿ ಊರಿದರು. ಮೂರು ಮೊಳೆತವು. ಒಂದನ್ನು ಆಡು ತಿಂದಿತು. ಉಳಿದ ಎರಡು ಬೆರಳು ಬಿಚ್ಚಿದ ಅಂಗೈಯಂತಹ ಎಲೆಗಳನ್ನು ಬಿಟ್ಟಿವೆಯೆಂದು ಹುಡುಗಿ ಚಿತ್ರ ಕಳುಹಿಸಿದ್ದಾಳೆ. ಅವಕ್ಕೆ ಮುಳ್ಳಿನ ಬೇಲಿ ಕಟ್ಟುವ ಕೆಲಸ ತಂದೆಯದು.